ಫ್ರೇಮಿನ ಕಾಕ ಮತ್ತು ಹಾಲೆಂಡಿನ ಆಕಾಶ

ಗಾಜು ಒಡೆದ ಸದ್ದಿನ ಬೆನ್ನಿಗೇ ಒಂದು ವಾಸನೆ ಬಂತು. ಕುದಿಸಿದ ಮೈದಾ ಅಂಟು, ಹುಳ ಹಿಡಿಯದಿರಲೆಂದು ಅದಕ್ಕೆ ಹಾಕಿದ ಮೈಲುತುತ್ತ, ಮೇಲಿಂದ ಲವಂಗ. ದುಬೈಯ ಕರಾಮದ ಮನೆ ಖಾಲಿ ಮಾಡಿ ಅಲ್ ಕುಸೈಸಿಗೆ ಹೊರಟಿದ್ದೆವು. ಸಾಮಾನು ಹೊರಲು ಬಂದವನ ಕೈಯಿಂದ ಒಂದು ಫ್ರೇಮು ಜಾರಿ ಮಕಾಡೆ ಬಿದ್ದಿತ್ತು. ಬೆನ್ನಿಗೆ ಅಂಟಿಸಿದ್ದ ಕಂದು ಕಾಗದ ಒಂದು ಮೂಲೆಯಲ್ಲಿ ಹರಿದಿತ್ತು. "ಸಾರಿ ಮೇಡಂ" ಎಂದು ಅವನು ಗಾಜು ಹೆಕ್ಕಲು ಬಗ್ಗಿದ. ಅವನನ್ನು ತಡೆದು ನಾನೇ ನೆಲದ ಮೇಲೆ ಕೂತೆ... ಇಷ್ಟು ವರ್ಷಗಳ ಮೇಲೂ ಆ ವಾಸನೆ ಹೋಗಿರಲಿಲ್ಲ. ಇಡೀ ಕರಾಮದಲ್ಲಿ ಅಂಟಿಗೆ ಲವಂಗ ಹಾಕುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ, ನಮ್ಮ ಫ್ರೇಮಿನ ಕಾಕ.

ಕಾಕನ ನೆನಪಾದರೆ ನನಗೆ ಮೊದಲು ಸಿಟ್ಟು ಬರುತ್ತದೆ. ಒಳ್ಳೆಯ ಮಾತು ಹೇಳೋಣವೆಂದು ಕೂತರೂ ದೂರುಗಳೇ ಸಾಲುಗಟ್ಟಿ ಮುಂದೆ ಬಂದು ನಿಲ್ಲುತ್ತವೆ. ಪುತ್ತೂರಿನ ಕಡೆಯ ಬ್ಯಾರಿ ಮುಸ್ಲಿಮರು ಅವರು, ಗಡ್ಡ ಮೂಡುವ ಮೊದಲೇ ದುಬೈಗೆ ಬಂದವರು. ಹಳೆಯ ಗಿಡ್ಡ ಕಟ್ಟಡವೊಂದರ ಕೆಳಗೆ, ಟೈಲರಿನ ಅಂಗಡಿಗೂ ಕೆಫೆಟೇರಿಯಾಕ್ಕೂ ನಡುವೆ, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಫ್ರೇಮಿನ ಅಂಗಡಿ. ಒಂದು ಗೋಡೆಗೆ ಹೊನ್ನಿನ ಅಕ್ಷರದ ಅರಬಿ ಸಾಲುಗಳು, ಇನ್ನೊಂದಕ್ಕೆ ಯೇಸುವಿನ ಪಟ, ಗಣಪತಿಯ ಪಟ, ಯಾರದ್ದೋ ಮದುವೆಯ ಫೋಟೋ. ಊರಿನ ಕ್ರಮದಂತೆ ನಮ್ಮಂಥ ಕೊಂಕಣಿ ಕ್ರೈಸ್ತ ಹೆಂಗಸರನ್ನೆಲ್ಲ ಅವರು "ಬಾಯಿ" ಎಂದೇ ಕರೆಯುತ್ತಿದ್ದರು. ಏನು ಕೇಳಿದರೂ ಉತ್ತರವೊಂದನ್ನು ಬಿಟ್ಟು ಉಳಿದೆಲ್ಲ ಹೇಳುವುದು ಅವರ ಅಭ್ಯಾಸ. "ನಾಳೆ ಕೊಡ್ತೀರಾ ಕಾಕ?" ಎಂದರೆ, "ಮಾರ್ಕೆಟಿಗೆ ಒಳ್ಳೆ ಬಂಗುಡೆ ಬಂದುಂಟು ಬಾಯಿ, ಕಂಡಿರಾ?" ಎನ್ನುತ್ತಿದ್ದರು. ಬಂಗುಡೆ ತಿಂದು ಬದುಕಬಹುದು, ಹೋಟೆಲಿನ ಗೋಡೆಗೆ ತೂಗುಹಾಕಲು ಆಗುತ್ತದೆಯೇ?

ನಾನಾಗ ಹೋಟೆಲುಗಳ ಒಳಾಂಗಣ ಮಾಡಿಕೊಡುವ ಕಂಪನಿಯೊಂದರಲ್ಲಿದ್ದೆ. ಕೋಣೆಗಳಿಗೆ ಗೋಡೆಯ ಚಿತ್ರ ಆರಿಸುವುದು ನನ್ನ ಪಾಲಿನ ಕೆಲಸ. ಇಲ್ಲಿಗೆ ಬರುವವರಿಗೆ ಕಿಟಕಿಯಲ್ಲಿ ಮರಳು, ಕ್ರೇನು ನೋಡಿ ಸಾಕಾಗಿರುತ್ತದೆ, ಗೋಡೆಯಲ್ಲಾದರೂ ಹಸಿರು, ನೀರು ಇರಲಿ ಎಂಬುದು ನಮ್ಮ ಬಾಸಿನ ಲೆಕ್ಕಾಚಾರ. ಹಾಗಾಗಿ ಶತಮಾನಗಳ ಹಿಂದಿನ ಯುರೋಪಿನ, ಅಮೆರಿಕದ ಪ್ರಕೃತಿ ಚಿತ್ರಗಳ ಮುದ್ರಿತ ಪ್ರತಿಗಳು ಸುರುಳಿ ಸುರುಳಿಯಾಗಿ ಬರುತ್ತಿದ್ದವು, ಫ್ರೇಮು ಹಾಕಲು ಕಾಕನ ಅಂಗಡಿಗೆ ಹೋಗುತ್ತಿದ್ದವು. ತರಿಸುವ ಸಲುವಾಗಿ ಓದತೊಡಗಿದವಳಿಗೆ ಅದರದ್ದೇ ಹುಚ್ಚು ಹಿಡಿಯಿತು. ಮೊದಮೊದಲು ಚಿತ್ರಕಾರರಿಗೆ ಮರ, ಹೊಳೆ, ಗುಡ್ಡವೆಂದರೆ ಸಂತರ ಬೆನ್ನ ಹಿಂದೆ ಜಾಗ ತುಂಬಿಸುವ ಪರದೆ ಅಷ್ಟೇ ಆಗಿತ್ತಂತೆ. ಹಾಲೆಂಡಿನವರು ಸಂತರನ್ನು ಬದಿಗೆ ಕಳಿಸಿ ತಮ್ಮ ಊರಿನ ಚಪ್ಪಟೆ ನೆಲ, ಗಾಳಿಗಿರಣಿ, ನೀರಿಗಿಳಿದ ದನಗಳನ್ನೇ ಬರೆದರು. ನೆಲ ಕೆಳಗೆ ಒಂದು ಪಟ್ಟಿ. ಉಳಿದದ್ದೆಲ್ಲ ಆಕಾಶ, ಮೋಡ, ಮೋಡದ ಸಂದಿನಿಂದ ಯಾವುದೋ ಒಂದು ಗದ್ದೆಯ ಮೇಲೆ ಮಾತ್ರ ಬಿದ್ದ ಬಿಸಿಲು. ಆ ಚಿತ್ರಗಳ ಮುಂದೆ ನಿಂತರೆ ನನಗೆ ಎಸಿ ಇಲ್ಲದೆಯೂ ತಂಪಾಗುತ್ತಿತ್ತು.

ತೊಂದರೆ ಇದ್ದದ್ದು ಮಂಚಗಳಿಂದ. ಹೋಟೆಲಿನವರು ಕೇಳುತ್ತಿದ್ದುದು ಮಂಚದ ತಲೆಯ ಮೇಲೆ ಕೂರುವ, ಉದ್ದನೆಯ ಗಿಡ್ಡ ಫ್ರೇಮು. ಆ ಅಳತೆಗೆ ಚಿತ್ರ ಕೂರಬೇಕಾದರೆ ಮೊದಲು ಹೋಗುವುದು ಆಕಾಶವೇ. ಎಷ್ಟು ಹೋಗಬೇಕು, ಎಷ್ಟು ಉಳಿಯಬೇಕು ಎಂದು ನಾನು ಒಂದೊಂದು ಮೋಡಕ್ಕೂ ಕಾಕನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆ.

"ಇದರಲ್ಲಿ ಬರೀ ಆಕಾಶ ಉಂಟಲ್ಲ ಬಾಯಿ. ಎಂತ ನೋಡುದು?"

"ಅದನ್ನೇ ನೋಡುದು ಕಾಕ. ಅವರು ಬರೆದದ್ದೇ ಅದನ್ನು."

"ಆಕಾಶ ಹೊರಗೆ ಫುಕ್ಕಟೆ ಉಂಟು. ಅದಕ್ಕೆ ಗಾಜು ಹಾಕುದು ಯಾಕೆ ಮಾರಾಯ್ರೆ?"

ರೋಮಿನಲ್ಲಿ ನೆಲೆಸಿದ್ದ ಫ್ರೆಂಚರ ಚಿತ್ರಗಳು ಬಂದರೆ ಬೇರೆ ತಕರಾರು. ಆಚೆ ಈಚೆ ಎರಡು ಮರ, ನಡುವೆ ಮುರಿದ ಕಮಾನು, ಒಬ್ಬ ದನ ಕಾಯುವವ, ಹಿಂದೆ ಹೊನ್ನಿನ ಬಣ್ಣದ ಸಂಜೆ. ಒಂದಾದ ಮೇಲೊಂದು ಸುರುಳಿ ಬಿಡಿಸಿ ನೋಡಿ ಕಾಕ, "ಇವರ ಊರಲ್ಲಿ ಬೆಳಿಗ್ಗೆ ಅಂತ ಆಗುದೇ ಇಲ್ವಾ?" ಎಂದಿದ್ದರು. ಬೇರೆಲ್ಲಾದರೂ ಕೇಳಿದ್ದರೆ ನಗುತ್ತಿದ್ದೆ. ಅಂಗಡಿಯ ಸೆಖೆಯಲ್ಲಿ, ಹೊರಗೆ ಪಿಕಪ್ಪಿನವನು ಹಾರನ್ ಹೊಡೆಯುತ್ತಿರುವಾಗ ಎಲ್ಲಿಯ ನಗು! ಇಂಗ್ಲೆಂಡಿನ ಒಬ್ಬ ಚಿತ್ರಕಾರ ಬಯಲಲ್ಲಿ ಕೂತು ಬರೀ ಮೋಡಗಳನ್ನೇ ಬರೆದು, ಆ ಹೊತ್ತು ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೆಂದು ಅದರ ಬೆನ್ನಿಗೆ ಗುರುತು ಮಾಡಿಡುತ್ತಿದ್ದ ಎಂದು ನಾನು ಭಕ್ತಿಯಿಂದ ವಿವರಿಸಿದರೆ, "ಬೆನ್ನಿಗೆ ಬರೆದ್ರೆ ಫ್ರೇಮ್ ಹಾಕಿದ ಮೇಲೆ ಯಾರಿಗೆ ಕಾಣ್ತದೆ?" ಎಂದು ಮರ ಕೊಯ್ಯಲು ಹೋದರು.

ಅಮೆರಿಕದವರು ಮಾತ್ರ ಅವರಿಗೆ ಇಷ್ಟ. ಹೊಸ ನಾಡಿನ ಬೆಟ್ಟ, ಜಲಪಾತ, ಕಣಿವೆಗಳನ್ನು ಗೋಡೆಯಗಲಕ್ಕೆ ಬರೆದು, ಎಲ್ಲೋ ಬಂಡೆಯ ಅಂಚಿನಲ್ಲಿ ಇರುವೆಯಷ್ಟು ಮನುಷ್ಯನನ್ನು ನಿಲ್ಲಿಸುತ್ತಿದ್ದರಲ್ಲ, ಆ ಮನುಷ್ಯನನ್ನು ಹುಡುಕದೆ ಕಾಕ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಅಂಟಾದ ಬೆರಳನ್ನು ಜಲಪಾತದ ಮೇಲೆಲ್ಲ ಓಡಿಸಿ, "ಸಿಕ್ಕಿದ! ಪಾಪ, ಒಬ್ಬನೇ ಇದ್ದಾನೆ" ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಮುಖ ಬೇರೆಯೇ ಆಗುತ್ತಿತ್ತು... ಅವರ ಮನೆಯವರೆಲ್ಲ ಪುತ್ತೂರಿನಲ್ಲಿದ್ದರು. ಆ ಬೆರಳ ಗುರುತುಗಳನ್ನು ಒರೆಸುವ ಕೆಲಸ ಮಾತ್ರ ನನ್ನದು.

ಎಲ್ಲಕ್ಕಿಂತ ದೊಡ್ಡ ಕಿರಿಕಿರಿಯೆಂದರೆ ಕಾಕ ಚಿತ್ರಕ್ಕೆ ಬ್ಲೇಡು ಮುಟ್ಟಿಸುತ್ತಿರಲಿಲ್ಲ. ಮರ ಕೊಯ್ಯುತ್ತಿದ್ದರು, ಗಾಜು ಕೊಯ್ಯುತ್ತಿದ್ದರು, ಚಿತ್ರವನ್ನು ಮಾತ್ರ ಇಲ್ಲ. ಹೆಚ್ಚಾದದ್ದನ್ನು ಹಲಗೆಯ ಹಿಂದಕ್ಕೆ ಮಡಚಿ, ಮೇಲೆ ಕಂದು ಕಾಗದ ಅಂಟಿಸಿಬಿಡುವುದು ಅವರ ಕ್ರಮ. "ಯಾರ್ದೋ ಮನಸ್ಸು ಇರ್ತದೆ ಬಾಯಿ ಅದರಲ್ಲಿ. ನಾನು ಯಾಕೆ ಕೊಯ್ಯುದು?" ಎನ್ನುತ್ತಿದ್ದರು. ಹೋಟೆಲಿನ ಮ್ಯಾನೇಜರಿಗೆ ಈ ತತ್ವ ಗೊತ್ತಿರಬೇಕಲ್ಲ! ಮಡಿಕೆಯ ಉಬ್ಬಿನಿಂದ ಗಾಜಿನೊಳಗೆ ಚಿತ್ರ ಸುಕ್ಕುಸುಕ್ಕಾಗಿ ಕಾಣುತ್ತದೆಂದು ಒಂದಿಡೀ ಮಹಡಿಯ ಫ್ರೇಮುಗಳನ್ನು ವಾಪಸ್ ಕಳಿಸಿದರು. ಬಾಸ್ ಎಲ್ಲರೆದುರು ನನ್ನ ಮರ್ಯಾದೆ ತೆಗೆದರು. ಅಲ್ಲಿಂದ ನೆಟ್ಟಗೆ ಕರಾಮಕ್ಕೆ ಬಂದು ಬಾಗಿಲಲ್ಲೇ ನಿಂತು ಹೇಳಿದ್ದೆ: "ಇನ್ನು ಒಂದೇ ಒಂದು ಚಿತ್ರ ಮಡಚಿದ್ರೆ ನಮ್ಮ ಕೆಲಸ ಖಲಾಸ್ ಕಾಕ. ಇದು ಕೊನೆಯ ಸಲ ಹೇಳುದು."

ಕಾಕ ತಲೆ ತಗ್ಗಿಸಿ ಕೇಳಿಕೊಂಡರು. ಮರುವಾರ ಹೋದರೆ ಬಾಗಿಲ ಬಳಿ ಕಾಗದ ಕೊಯ್ಯುವ, ಉದ್ದ ಹಿಡಿಯ ಕಟ್ಟರ್ ಕೂತಿತ್ತು. "ಕಂಡಿರಾ ಬಾಯಿ, ಮಿಷನ್!" ಎಂದರು. ಸದ್ಯ, ಬುದ್ಧಿ ಬಂತು ಎಂದುಕೊಂಡೆ. ಆದರೆ ಹಿಡಿ ಎಳೆಯಲು ಪ್ರತಿ ಸಲ ಪಕ್ಕದ ಟೈಲರನ್ನು ಕೂಗಿ ಕರೆಯುತ್ತಿದ್ದರು. ಅವನು ಕೈಯಲ್ಲಿದ್ದ ಶರ್ಟು ಬಿಟ್ಟು ಬಂದು ಹಾಲೆಂಡಿನ ಆಕಾಶ ಕೊಯ್ದು ಹೋಗುವವರೆಗೆ ಕಾಕ ಬೀದಿ ನೋಡುತ್ತಾ ನಿಲ್ಲುತ್ತಿದ್ದರು. ಇದನ್ನೆಲ್ಲ ನೋಡಿ ನನಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತಿತ್ತು.

ಅದೇ ವರ್ಷ ಊರಿನಲ್ಲಿ ನನ್ನ ಪಪ್ಪ ತೀರಿಹೋದರು. ಅವರು ಸರಕಿನ ಹಡಗಿನಲ್ಲಿ ಅಡುಗೆಯವರಾಗಿದ್ದವರು. ವರ್ಷಗಟ್ಟಲೆ ಸಮುದ್ರದಲ್ಲಿದ್ದರೂ ಅದರ ಬಗ್ಗೆ ಒಂದು ಕಥೆ ಹೇಳಿದವರಲ್ಲ. ಹಾಲೆಂಡಿನ ಬಂದರೊಂದರಿಂದ ತಂದ ಕ್ಯಾಲೆಂಡರಿನ ದೊಡ್ಡದೊಂದು ಹಾಳೆ ಮಾತ್ರ ನಮ್ಮ ಊಟದ ಮೇಜಿನ ಎದುರು ಯಾವಾಗಲೂ ಇರುತ್ತಿತ್ತು. ಅಲ್ಲಿಯ ಹಳೆಯ ಚಿತ್ರಕಾರನೊಬ್ಬ ಬರೆದದ್ದು: ಕೆಳಗೆ ಹೊಳೆ, ದೋಣಿ, ದೂರದಲ್ಲಿ ಇಗರ್ಜಿಯ ಚೂಪು ಗೋಪುರ, ಅದರ ಮೇಲೆ ಹಾಳೆಯ ಅರ್ಧಕ್ಕಿಂತ ಹೆಚ್ಚು ಆಕಾಶ. ವರ್ಷ ಮುಗಿದು ಎಷ್ಟೋ ಕಾಲವಾದರೂ ಅದನ್ನು ತೆಗೆಯಲು ಮಮ್ಮಿಗೆ ಬಿಡಲಿಲ್ಲ. "ಆಕಾಶ ಅಲ್ಲಿ ಹೀಗೇ ಇರುದು. ಗ್ಯಾಲಿಯ ಕಿಟಕಿಯಿಂದ ನಾನು ನೋಡಿದ್ದೇನೆ" ಎಂದು ಒಮ್ಮೆ ಹೇಳಿದ್ದರು. ಹಡಗಿನ ಅಡುಗೆಮನೆಗೆ ಗ್ಯಾಲಿ ಎನ್ನುತ್ತಾರೆ. ಪಪ್ಪನ ಅಷ್ಟು ವರ್ಷಗಳ ಬದುಕಿನಲ್ಲಿ ನನಗೆ ಸಿಕ್ಕಿದ್ದು ಆ ಕಿಟಕಿ ಒಂದೇ. ಆ ಹಾಳೆಯನ್ನು ಬಟ್ಟೆಗಳ ನಡುವೆ ಸುತ್ತಿ ದುಬೈಗೆ ತಂದೆ.

ಪಪ್ಪ ತೀರಿಹೋದ ವರ್ಷದ ಪ್ರಾರ್ಥನೆಗೆ ನೆಂಟರು, ಸ್ನೇಹಿತರು ಮನೆಗೆ ಬರುವವರಿದ್ದರು. ಅಷ್ಟರೊಳಗೆ ಅದು ಗೋಡೆಯ ಮೇಲಿರಬೇಕೆಂದು ನನ್ನ ಆಸೆ. "ಇದು ಹೋಟೆಲಿದ್ದು ಅಲ್ಲ ಕಾಕ, ಪಪ್ಪನದ್ದು. ಪೂರ್ತಿ ಬರಬೇಕು" ಎಂದು ಅವರ ಕೈಗೆ ಕೊಟ್ಟೆ. ಕಾಕ ಕೈ ತೊಳೆದು ಬಂದು ಹಾಳೆ ಬಿಡಿಸಿದರು. ಪಪ್ಪ ಯಾವ ಹಡಗಿನಲ್ಲಿದ್ದರು, ಮೀನು ಸಾರಿಗೆ ಕೊತ್ತಂಬರಿ ಹುರಿದು ಹಾಕುತ್ತಿದ್ದರೋ ಹಸಿಯೋ, ಎಲ್ಲ ಕೇಳಿದರು. ಫ್ರೇಮಿನ ಅಳತೆಯ ಬಗ್ಗೆ ಮಾತ್ರ ಒಂದಕ್ಷರ ಆಡಲಿಲ್ಲ.

ಪ್ರಾರ್ಥನೆಯ ದಿನ ಮಧ್ಯಾಹ್ನ ತರಲು ಹೋದೆ. ಮೇಜಿನ ಮೇಲೆ ಉದ್ದನೆಯ ಗಿಡ್ಡ ಫ್ರೇಮು ಇತ್ತು. ಹೊಳೆ ಇತ್ತು, ದೋಣಿ ಇತ್ತು. ಇಗರ್ಜಿಯ ಗೋಪುರದ ತುದಿ ಮರಕ್ಕೆ ತಾಗುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ.

"ಆಕಾಶ ಎಲ್ಲಿ ಕಾಕ?"

"ದೊಡ್ಡ ಮರ ಬರ್ಲಿಲ್ಲ ಬಾಯಿ. ಮಾಲು ಪೋರ್ಟಿನಲ್ಲಿ ನಿಂತುಂಟು. ಇವತ್ತಿಗೇ ಬೇಕು ಅಂದದ್ದು ನೀವಲ್ವಾ? ಈಗ ಪ್ರಾರ್ಥನೆ ಆಗ್ಲಿ, ಮತ್ತೆ ನೋಡುವ."

"ಕೊಯ್ದ ಮೇಲೆ ಮತ್ತೆ ಎಂತ ನೋಡುದು?"

ನನ್ನ ಸ್ವರ ಕೆಫೆಟೇರಿಯಾದವರೆಗೂ ಕೇಳಿಸಿರಬೇಕು, ಟೈಲರನೂ ಇಣುಕಿ ನೋಡಿ ತಲೆ ಒಳಗೆಳೆದುಕೊಂಡ. ಇವನೇ ಹಿಡಿ ಎಳೆದದ್ದೆಂದು ಅವನನ್ನೂ ದುರುಗುಟ್ಟಿಕೊಂಡು ನೋಡಿದೆ. ಕಾಕ ಗಡ್ಡ ಕೆರೆದುಕೊಂಡರು. ಏನೋ ಹೇಳಲೆಂದು ಬಾಯಿ ತೆರೆದರು... ಆಮೇಲೆ, "ಚಾ ಕುಡೀತೀರಾ?" ಎಂದರು.

ಆ ಸಂಜೆ ಜಪಸರ ಹಿಡಿದು ಕೂತ ನನ್ನ ಕಣ್ಣು ಹೋಗುತ್ತಿದ್ದುದೆಲ್ಲ ಫ್ರೇಮಿನ ಮೇಲಿನ ಬೋಳು ಗೋಡೆಗೆ. ಸಾಲದ್ದಕ್ಕೆ ಅದು ನೆಟ್ಟಗೆ ಕೂರುತ್ತಲೂ ಇರಲಿಲ್ಲ, ಮೇಲ್ತುದಿ ಗೋಡೆ ಬಿಟ್ಟು ಮುಂದಕ್ಕೆ ವಾಲಿಕೊಂಡಿತ್ತು. ಕೊಕ್ಕೆ ಹೊಡೆಯಲೂ ಬರುವುದಿಲ್ಲ ಈ ಮನುಷ್ಯನಿಗೆ ಎಂದು ಗಂಡನ ಬಳಿ ಗೊಣಗಿದೆ. ಕೆಲಸ ಬಿಡಿಸಿಬಿಡು ಎಂದರು ಅವರು. ಬಿಡಿಸಲು ಮನಸ್ಸಾಗಲಿಲ್ಲ, ಮರೆಯಲೂ ಆಗಲಿಲ್ಲ.

ಒಂದು ವರ್ಷ ಕಳೆದ ಮೇಲೆ ಹಟಕ್ಕೆ ಬಿದ್ದು ಕಾಕನನ್ನು ಅಬುಧಾಬಿಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆವು. ಕಾಗದದ ನಕಲು ನೋಡಿ ಹೀಗಾಡುತ್ತಾರೆ, ನಿಜವಾದ ಚಿತ್ರದ ಎದುರು ನಿಲ್ಲಿಸಿದರೆ ಆಕಾಶವೆಂದರೇನೆಂದು ಗೊತ್ತಾದೀತು ಎಂದು ನನ್ನ ಯೋಚನೆ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಅತ್ತರು ಹಚ್ಚಿ ಬಂದಿದ್ದರು. ಒಳಗೆ ಹೋದದ್ದೇ ಚಿತ್ರಗಳನ್ನು ಬಿಟ್ಟು ಫ್ರೇಮುಗಳನ್ನು ನೋಡತೊಡಗಿದರು. ಮೂಲೆಯ ಕೂಡಿಕೆಗೆ ಮೂಗು ತಾಗಿಸಿ ನೋಡಿದರು. ಒಂದರ ಬೆನ್ನು ಹೇಗಿದೆಯೆಂದು ಗೋಡೆಗೆ ಕೆನ್ನೆ ಒತ್ತಿ ಇಣುಕಿದಾಗ ಕಾವಲಿನವನು "ಸರ್, ಪ್ಲೀಸ್!" ಎಂದು ಓಡಿ ಬಂದ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನಿಸಿತು ನನಗೆ.

ಕೊನೆಗೆ ಹಾಲೆಂಡಿನದ್ದೊಂದು ಸಿಕ್ಕಿತು. ಕೆಳಗೆ ಪಟ್ಟಿಯಂಥ ನೆಲ, ಮೇಲೆ ಮೋಡಗಳ ರಾಶಿ. ಕಾಕನನ್ನು ಅದರೆದುರಿನ ಬೆಂಚಿನಲ್ಲಿ ಕೂರಿಸಿ, ಇವರು ಬಯಲಲ್ಲಿ ಗುರುತು ಹಾಕಿಕೊಂಡು ಬಂದು ಮನೆಯೊಳಗೆ ಕೂತು ಬಣ್ಣ ತುಂಬುತ್ತಿದ್ದರು, ಸಮುದ್ರದಿಂದ ಕಿತ್ತುಕೊಂಡ ನೆಲ ಇವರದ್ದು, ಅದಕ್ಕೇ ಗುಡ್ಡವಿಲ್ಲ, ಅದಕ್ಕೇ ಇಷ್ಟು ಆಕಾಶ ಎಂದು ಒಂದೇ ಉಸಿರಿಗೆ ಹೇಳಿದೆ. ಈ ಸಲ ಅವರು ಫ್ರೇಮು ಬಿಟ್ಟು ಮೋಡಗಳನ್ನೇ ನೋಡಿದರು. ನನಗೆ ಗೆದ್ದಷ್ಟು ಖುಷಿ.

"ಬಾಯಿ, ನಿಮ್ಮ ಪಪ್ಪನ ಚಿತ್ರ ಒಮ್ಮೆ ಅಂಗಡಿಗೆ ತನ್ನಿ. ದೊಡ್ಡ ಫ್ರೇಮ್ ಹಾಕಿ ಕೊಡ್ತೇನೆ" ಎಂದರು ಆಮೇಲೆ.

"ದೊಡ್ಡ ಫ್ರೇಮಿಗೆ ಆಕಾಶ ಎಲ್ಲಿಂದ ತರ್ತೀರಿ?"

"ಅದು ನನಗೆ ಬಿಡಿ."

ಗೆದ್ದ ಖುಷಿ ಅಲ್ಲೇ ಇಳಿದುಹೋಯಿತು. ಬೇರೆ ಯಾವುದೋ ಕ್ಯಾಲೆಂಡರಿನ ಮೋಡ ತಂದು ಅಂಟಿಸುವ ಉಪಾಯ ಇರಬೇಕು ಎಂದುಕೊಂಡೆ. ಅವರಿಂದ ಅದೂ ಸಾಧ್ಯವಿತ್ತು. ವಾಪಸ್ಸಿನ ದಾರಿಯಿಡೀ ಕಾಕ ನನ್ನ ಗಂಡನ ಜೊತೆ ಬಂಗುಡೆಯ ಬಗ್ಗೆ ಮಾತಾಡುತ್ತಾ ಬಂದರು.

ಆಮೇಲೂ ಎರಡು ಮೂರು ಸಲ ಕೇಳಿದ್ದರು. ಕೊನೆಯ ಸಲ ಕೇಳಿದ್ದು ಫೋನಿನಲ್ಲಿ. "ವೀಸಾ ಕ್ಯಾನ್ಸಲ್ ಮಾಡಿಸ್ತಾ ಇದ್ದೇನೆ ಬಾಯಿ, ಊರಿಗೆ ಹೋಗುದು. ಆ ಚಿತ್ರ ತರ್ತೀರಾ?" ಎಂದರು. ನಾನು ಯಾವುದೋ ಸೈಟಿನಲ್ಲಿ ಡ್ರಿಲ್ಲಿನ ಸದ್ದಿನ ನಡುವೆ ನಿಂತು, "ನೋಡುವ ಕಾಕ" ಎಂದೆ. ಬಿಡುವು ಮಾಡಿಕೊಂಡು ಹೋಗುವಷ್ಟರಲ್ಲಿ ಷಟರ್ ಎಳೆದಿತ್ತು. ಎರಡು ವರ್ಷದ ಹಿಂದೆ, ಊರಿನಲ್ಲಿ ಕಾಕ ತೀರಿಹೋದರೆಂದು ಕೆಫೆಟೇರಿಯಾದವರು ವಾಟ್ಸಾಪಿನಲ್ಲಿ ತಿಳಿಸಿದರು. ಅವತ್ತು ಮನೆಯಲ್ಲಿ ಮೀನು ಸಾರಿಗೆ ಕೊ‌ತ್ತಂಬರಿ ಹುರಿಯುತ್ತಿದ್ದೆ, ಹಾಗೇ ಕರಟಿ ಹೋಯಿತು...

ಈಗ ನೆಲದ ಮೇಲೆ ಬಿದ್ದಿದ್ದ ಫ್ರೇಮಿನ ಕಂದು ಕಾಗದವನ್ನು ನನ್ನ ಮಗಳು ಮೂಲೆಯಿಂದ ಎಳೆಯುತ್ತಿದ್ದಳು. ಬೇಡ, ಗಾಜು ಇದೆ ಎಂದು ಗದರಿಸಿದೆ. "ಮಮ್ಮಾ, ಲುಕ್, ದೇರ್ ಈಸ್ ಮೋರ್" ಎಂದಳು.

ಹಲಗೆಯ ಹಿಂದೆ ಆಕಾಶವಿತ್ತು. ಕೊಯ್ದಿರಲಿಲ್ಲ. ಇಗರ್ಜಿಯ ತುದಿಯಿಂದ ಮೇಲಿನದ್ದನ್ನೆಲ್ಲ ಪೂರ್ತಿಯಾಗಿ ಹಿಂದಕ್ಕೆ ಮಡಚಿಟ್ಟಿದ್ದರು. ಮಡಿಕೆ ಮುರಿಯಬಾರದೆಂದು ಅದರೊಳಗೆ ದಪ್ಪನೆಯ ನೂಲಿನ ಹುರಿ, ಬಣ್ಣ ಹಲಗೆಗೆ ತಾಗಬಾರದೆಂದು ನಡುವೆ ಬಟರ್ ಪೇಪರು. ಫ್ರೇಮು ಗೋಡೆ ಬಿಟ್ಟು ವಾಲುತ್ತಿದ್ದುದು ಆ ಹುರಿಯ ದಪ್ಪಕ್ಕೆ. ಮೆಲ್ಲಗೆ ಬಿಡಿಸಿದೆ. ಇಷ್ಟು ವರ್ಷ ಬಾಲ್ಕನಿಯ ಬಿಸಿಲಿಗೆ ಹೊಳೆ, ದೋಣಿ ಎಲ್ಲ ಬಿಳಿಚಿಕೊಂಡಿದ್ದವು. ಮೇಲಿನ ಮೋಡಗಳು ಮಾತ್ರ ಪಪ್ಪನ ಊಟದ ಮೇಜಿನೆದುರು ಇದ್ದಾಗ ಹೇಗಿದ್ದವೋ ಹಾಗೇ, ಮಳೆ ಹೊತ್ತು ನಿಂತಿದ್ದವು.

ನಾನು ಅತ್ತೆ. ಅಳುತ್ತಲೇ ಬೈದೆ. ಎಂಥ ಮನುಷ್ಯ! ಮಡಚಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ. ಮಡಚಿದರೆ ಕೆಲಸ ಖಲಾಸ್ ಎಂದವಳು ನಾನೇ, ಅದೂ ಸರಿ. ಆದರೆ ಹೋಟೆಲಿನ ಚಿತ್ರಕ್ಕೂ ಪಪ್ಪನ ಚಿತ್ರಕ್ಕೂ ವ್ಯತ್ಯಾಸ ಇಲ್ಲವೇ? ಕೊಯ್ದವರೆಂದು ನನ್ನಿಂದ ವರ್ಷಗಟ್ಟಲೆ ಬೈಸಿಕೊಂಡರು, ಮಡಚಿದೆ ಎಂದು ಒಪ್ಪಿಕೊಳ್ಳಲಿಲ್ಲ.

ಹೊಸ ಮನೆಯ ಹತ್ತಿರದ ಮಾಲಿನಲ್ಲಿ ದೊಡ್ಡ ಫ್ರೇಮಿನ ಅಂಗಡಿಯಿದೆ. ಅಲ್ಲಿಯವನು ಹಾಳೆಯ ಮೇಲೆ ಬೆರಳಾಡಿಸಿ, "ಈ ಮಡಿಕೆಯ ಗೆರೆ ಚೆನ್ನಾಗಿ ಕಾಣುದಿಲ್ಲ ಮೇಡಂ, ಮೇಲಿನದ್ದು ಕಟ್ ಮಾಡಿದರೆ ಕ್ಲೀನ್ ಆಗ್ತದೆ" ಎಂದು ಹಿಂದಿಯಲ್ಲಿ ಹೇಳಿದ. ಹಾಳೆ ಸುತ್ತಿಕೊಂಡು ನೆಟ್ಟಗೆ ಕರಾಮಕ್ಕೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಕಾಕನ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಪಕ್ಕದ ಕೆಫೆಟೇರಿಯಾದಲ್ಲಿ ಹೋಗಿ ಕೂತೆ. ಚಾದ ಬೆಲೆ ನೋಡಲು ತಲೆ ಎತ್ತಿದರೆ, ಗೋಡೆಯ ಮೇಲಿನ ಮೆನು ದೊಡ್ಡದೊಂದು ಮರದ ಫ್ರೇಮಿನಲ್ಲಿ ಕೂತಿದೆ. ಮೂಲೆಯ ಕೂಡಿಕೆ ನೋಡಿದ ಕೂಡಲೇ ಯಾರದ್ದೆಂದು ಗೊತ್ತಾಯಿತು.

"ಕಾಕ ಇಟ್ಟು ಹೋದದ್ದು. ಒಬ್ಬರು ಬಾಯಿ ಬರ್ತಾರೆ, ಕೊಡು ಅಂದಿದ್ರು. ಯಾವ ಬಾಯಿ ಅಂತ ಹೇಳ್ಲಿಲ್ಲ, ಯಾರೂ ಬರ್ಲೂ ಇಲ್ಲ. ಹಾಗೆ ಸುಮ್ಮನೆ ಯಾಕೆ ಇಡುದು ಅಂತ..." ಎಂದರು ಕೆಫೆಟೇರಿಯಾದವರು, ಅವರೂ ನಮ್ಮ ಕಡೆಯವರೇ. ಆ ಬಾಯಿ ನಾನೇ ಎಂದು ಹೇಳಬೇಕಾಗಲಿಲ್ಲ. ನನ್ನ ಮುಖ ನೋಡಿ ಸ್ಟೂಲು ಹತ್ತಿ ಮೆನು ಇಳಿಸಿದರು. ಪರೋಟ, ಬೀಫ್ ಫ್ರೈ, ಕಡಕ್ ಚಾಯಗಳ ಪಟ್ಟಿ ತೆಗೆದು ಹಾಳೆ ಬಿಡಿಸಿ ಇಟ್ಟೆವು. ಮೇಲೆ, ಕೆಳಗೆ, ಎರಡು ಬದಿಗೆ, ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅದೀಗ ಅಲ್ ಕುಸೈಸಿನ ಮನೆಯಲ್ಲಿ, ಊಟದ ಮೇಜಿನ ಎದುರು ಇದೆ. ಗೋಡೆಗೆ ಒರಗಿ ನೆಟ್ಟಗೆ ಕೂತಿದೆ. ನಡುವಿನ ಗೆರೆ ಹೋಗಿಲ್ಲ, ಕೆಫೆಟೇರಿಯಾದ ಎಣ್ಣೆಯ ವಾಸನೆಯೂ ಮರದಿಂದ ಇನ್ನೂ ಬಿಟ್ಟಿಲ್ಲ. ಊಟಕ್ಕೆ ಕೂತಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಒಂದು ಮಾತು ಹೇಳಬಾರದಿತ್ತಾ ಕಾಕ ಎಂದು ದಿನವೂ ಕೇಳುತ್ತೇನೆ. ಗಡ್ಡ ಕೆರೆದುಕೊಂಡು ಚಾ ಕುಡೀತೀರಾ ಎನ್ನಲು ಅವರಿಲ್ಲ.